ಐದು ಚೀಟಿ ಸಾಕೇ?

ನಿಮ್ಮ ಶಾಲೆಯ ಹೊರಗೋಡೆಯನ್ನು ಒಮ್ಮೆ ನೋಡಿ ಬನ್ನಿ. ಬಾಗಿಲ ಪಕ್ಕದಲ್ಲಿ ‘ಮತಗಟ್ಟೆ ಸಂಖ್ಯೆ’ ಎಂದು ಬರೆದು ಮುಂದೊಂದು ಅಂಕಿ ಇದ್ದರೂ ಇರಬಹುದು. ಚುನಾವಣೆ ಬಂದಾಗ ಬೆಂಚುಗಳನ್ನು ಸರಿಸಿ, ರಟ್ಟಿನ ಮರೆ ನಿಲ್ಲಿಸಿ, ನೀವು ಕೂರುವ ಕೋಣೆಯಲ್ಲೇ ಊರಿನವರು ಮತ ಹಾಕುತ್ತಾರೆ. ನಿಮಗೆ ರಜೆ. ಹಿರಿಯರಿಗೆ ಬೆರಳಿಗೆ ಮಸಿ.

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ಮುಳುಗಿಸಿದಾಗ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಊರು ಇದು. ಇಲ್ಲಿ ಯಾರದಾದರೂ ಮನೆ ಎಲ್ಲಿ ಎಂದು ಕೇಳಿದರೆ ಓಣಿಯ ಹೆಸರಿಗಿಂತ ಮೊದಲು ಸೆಕ್ಟರ್ ಸಂಖ್ಯೆ ಹೇಳುತ್ತಾರೆ. ಅಂಕಿಗಳ ನಡುವೆ ಬಾಳುವುದು ನಮಗೆ ರೂಢಿಯಾಗಿದೆ. ಇಂದು ನಾನು ಹೇಳಹೊರಟಿರುವುದೂ ಒಂದು ಅಂಕಿಯ ವಿಷಯವೇ. ಆ ಅಂಕಿ ಐದು.

ಈಗ ಮತ ಹಾಕುವುದು ವಿದ್ಯುನ್ಮಾನ ಮತಯಂತ್ರದಲ್ಲಿ ಎಂಬುದು ನಿಮಗೆ ಗೊತ್ತು. ಅದರ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದರ ಹೆಸರು ವಿವಿಪ್ಯಾಟ್. ಗುಂಡಿ ಒತ್ತಿದ ಕೂಡಲೇ ಈ ಪೆಟ್ಟಿಗೆಯ ಗಾಜಿನ ಕಿಂಡಿಯಲ್ಲಿ ಒಂದು ಕಾಗದದ ಚೀಟಿ ಕಾಣುತ್ತದೆ. ಯಾರಿಗೆ ಮತ ಬಿತ್ತು ಎಂಬುದು ಅದರಲ್ಲಿ ಅಚ್ಚಾಗಿರುತ್ತದೆ. ಏಳು ಸೆಕೆಂಡು ಕಂಡು, ಕತ್ತರಿಸಿಕೊಂಡು ಪೆಟ್ಟಿಗೆಯೊಳಗೆ ಬೀಳುತ್ತದೆ. ಯಂತ್ರ ಹೇಳುವ ಲೆಕ್ಕ ಒಂದು, ಪೆಟ್ಟಿಗೆಯೊಳಗಿನ ಕಾಗದದ ಲೆಕ್ಕ ಇನ್ನೊಂದು. ಎರಡೂ ಹೊಂದಬೇಕು.

ಹೊಂದುತ್ತವೆಯೇ ಎಂದು ನೋಡುವುದು ಹೇಗೆ? ಎಲ್ಲ ಪೆಟ್ಟಿಗೆಗಳ ಎಲ್ಲ ಚೀಟಿಗಳನ್ನೂ ಎಣಿಸಬಹುದು. ಆದರೆ ಹಾಗೆ ಮಾಡುವುದಿಲ್ಲ. ಕೆಲವು ಮತಗಟ್ಟೆಗಳನ್ನು ಮಾತ್ರ ಆರಿಸಿ ಎಣಿಸುತ್ತಾರೆ. 2018ರ ಕರ್ನಾಟಕ ವಿಧಾನಸಭೆ ಚುನಾವಣೆಯಲ್ಲಿ ಒಂದೊಂದು ಕ್ಷೇತ್ರಕ್ಕೆ ಒಂದೇ ಮತಗಟ್ಟೆಯನ್ನು ಹೀಗೆ ಆರಿಸಿದ್ದರು. ಅದು ಸಾಲದು, ಅರ್ಧದಷ್ಟು ಮತಗಟ್ಟೆಗಳನ್ನು ಎಣಿಸಿ ಎಂದು 21 ವಿರೋಧ ಪಕ್ಷಗಳ ಮುಖಂಡರು ಸುಪ್ರೀಂ ಕೋರ್ಟಿಗೆ ಹೋದರು. ಅಷ್ಟು ಎಣಿಸಿದರೆ ಫಲಿತಾಂಶ ಐದಾರು ದಿನ ತಡವಾಗುತ್ತದೆ ಎಂದಿತು ಚುನಾವಣಾ ಆಯೋಗ. 2019ರ ಏಪ್ರಿಲ್ 8ರಂದು ಕೋರ್ಟು ಒಂದರ ಬದಲು ಐದು ಎಂದು ಹೇಳಿತು. 2024ರ ಏಪ್ರಿಲ್ 26ರಂದು ಇದೇ ಪ್ರಶ್ನೆ ಮತ್ತೆ ಬಂದಾಗ, ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಒಪ್ಪಲಿಲ್ಲ. ಐದೇ ಉಳಿಯಿತು.

ಐದು ಹೆಚ್ಚೋ ಕಡಿಮೆಯೋ? ದೊಡ್ಡವರು ಈ ಬಗ್ಗೆ ಜೋರುದನಿಯಲ್ಲಿ ವಾದಿಸುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಲೆಕ್ಕ ಹಾಕಿದವರನ್ನು ಕಂಡದ್ದು ಕಡಿಮೆ. ನಿಮಗೆ ಭಿನ್ನರಾಶಿಗಳ ಗುಣಾಕಾರ ಬರುತ್ತದಲ್ಲ? ಹಾಗಿದ್ದರೆ ಈ ವಾದದಲ್ಲಿ ನೀವೂ ಪಾಲ್ಗೊಳ್ಳಬಹುದು.

ಮೊದಲು ಚಿಕ್ಕದೊಂದು ಲೆಕ್ಕ ಮಾಡೋಣ. ನಿಮ್ಮ ಶಾಲೆಯ ಅಡುಗೆಮನೆಗೆ ಮೊಟ್ಟೆ ಬರುತ್ತದೆ. ಕೆಟ್ಟ ಮೊಟ್ಟೆಯನ್ನು ಒಡೆಯದೆಯೇ ಕಂಡುಹಿಡಿಯುವುದು ಅಡುಗೆಯ ಅಕ್ಕನಿಗೆ ಗೊತ್ತು. ನೀರಿನ ಬಕೆಟ್‌ನಲ್ಲಿ ಬಿಟ್ಟರೆ ತಾಜಾ ಮೊಟ್ಟೆ ಮುಳುಗುತ್ತದೆ, ಹಳೆಯದು ತೇಲುತ್ತದೆ. ದಿನ ಕಳೆದಂತೆ ಚಿಪ್ಪಿನ ಸಣ್ಣ ರಂಧ್ರಗಳ ಮೂಲಕ ಒಳಗಿನ ತೇವ ಆರಿ, ಗಾಳಿಯ ಜಾಗ ದೊಡ್ಡದಾಗುತ್ತದೆ. ಅದಕ್ಕೇ ತೇಲುವುದು.

ಈಗ ಬುಟ್ಟಿಯಲ್ಲಿ 10 ಮೊಟ್ಟೆ ಇವೆ, ಅವುಗಳಲ್ಲಿ 2 ಕೆಟ್ಟಿವೆ ಎಂದಿಟ್ಟುಕೊಳ್ಳಿ. ಅಕ್ಕನಿಗೆ ಅವಸರ. ಮೂರನ್ನು ಮಾತ್ರ ಕೈಗೆ ಸಿಕ್ಕಂತೆ ತೆಗೆದು ನೀರಿಗೆ ಬಿಟ್ಟು, “ಮೂರೂ ಮುಳುಗಿದ್ವು. ಎಲ್ಲಾ ಚಲೋ ಅದಾವ” ಎನ್ನುತ್ತಾಳೆ. ಹೀಗೆ ಮೋಸಹೋಗುವ ಸಂಭವ ಎಷ್ಟು?

ಮೊದಲನೆಯ ಮೊಟ್ಟೆ ಚೆನ್ನಾಗಿರುವ ಸಂಭವ 10ರಲ್ಲಿ 8, ಅಂದರೆ 8/10. ಅದನ್ನು ಪಕ್ಕಕ್ಕಿಟ್ಟಳು, ಬುಟ್ಟಿಗೆ ಮರಳಿ ಹಾಕಲಿಲ್ಲ. ಈಗ ಬುಟ್ಟಿಯಲ್ಲಿ ಉಳಿದದ್ದು 9, ಅದರಲ್ಲಿ ಒಳ್ಳೆಯವು 7. ಹಾಗಾಗಿ ಎರಡನೆಯದಕ್ಕೆ 7/9. ಮೂರನೆಯದಕ್ಕೆ 6/8. ಮೂರನ್ನೂ ಗುಣಿಸಿ. 336/720 ಬರುತ್ತದೆ. ಸಂಕ್ಷೇಪಿಸಿದರೆ 7/15. ನೂರಕ್ಕೆ ಸುಮಾರು 47. ಎರಡು ಕೆಟ್ಟ ಮೊಟ್ಟೆಗಳು ಬುಟ್ಟಿಯಲ್ಲೇ ಇದ್ದೂ, ಹತ್ತಿರ ಹತ್ತಿರ ಅರ್ಧದಷ್ಟು ಸಲ ಅಕ್ಕನಿಗೆ ಅವು ಕಾಣುವುದೇ ಇಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರತಿಸಲ ತೆಗೆದ ಮೊಟ್ಟೆಯನ್ನು ಮರಳಿ ಬುಟ್ಟಿಗೆ ಹಾಕಿ ಕಲಸಿ ಮತ್ತೆ ತೆಗೆದಿದ್ದರೆ ಲೆಕ್ಕ 8/10 × 8/10 × 8/10 ಆಗುತ್ತಿತ್ತು. ಅದು ನೂರಕ್ಕೆ 51. ಒಂದೇ ಒಳ್ಳೆಯ ಮೊಟ್ಟೆ ಎರಡು ಸಲ ಕೈಗೆ ಬಂದು ನಮ್ಮ ಪರೀಕ್ಷೆಯನ್ನು ವ್ಯರ್ಥ ಮಾಡಬಹುದಲ್ಲ, ಅದಕ್ಕೆ. ಮರಳಿ ಹಾಕದೆ ಎತ್ತುವಾಗ ಅಂಶವೂ ಛೇದವೂ ಒಂದೊಂದೇ ಇಳಿಯುತ್ತ ಹೋಗುತ್ತವೆ. ಇಷ್ಟು ನೆನಪಿದ್ದರೆ ಮುಂದಿನದೆಲ್ಲ ಸುಲಭ.

(ಅಂದ ಹಾಗೆ, ಮೊಟ್ಟೆಯ ವಿಷಯದಲ್ಲಿ ಮೂರನ್ನು ನೋಡಿ ಬಿಡುವುದು ಸರಿಯಲ್ಲ. ಬೇಕಾದದ್ದು ಒಂದು ಬಕೆಟ್ ನೀರು ತಾನೇ? ಎಲ್ಲವನ್ನೂ ನೋಡಿಬಿಡಬೇಕು.)

ಮತ ಎಣಿಕೆಯ ಕೋಣೆಗೆ ಬರೋಣ. ಮತಯಂತ್ರಗಳ ಎಣಿಕೆಯ ಕೊನೆಯ ಸುತ್ತು ಮುಗಿದ ಮೇಲೆ ಚೀಟಿ ಎತ್ತುವ ಕೆಲಸ ಶುರುವಾಗುತ್ತದೆ. ಪೋಸ್ಟ್ ಕಾರ್ಡಿನ ಅಳತೆಯ ಬಿಳಿಯ ಕಾಗದಗಳು. ಒಂದೊಂದರ ಮೇಲೂ ಒಂದೊಂದು ಮತಗಟ್ಟೆಯ ಸಂಖ್ಯೆ. ಮಡಿಸುವ ಮುಂಚೆ ಪ್ರತಿಯೊಂದನ್ನೂ ಅಭ್ಯರ್ಥಿಗಳಿಗೆ ಅಥವಾ ಅವರ ಏಜೆಂಟರಿಗೆ ತೋರಿಸಬೇಕು. ಸಂಖ್ಯೆ ಕಾಣದಂತೆ ನಾಲ್ಕು ಮಡಿಕೆ ಮಾಡಿ, ದೊಡ್ಡ ಡಬ್ಬಿಯಲ್ಲಿ ಹಾಕಿ, ಚೆನ್ನಾಗಿ ಅಲುಗಾಡಿಸಿ, ಚುನಾವಣಾಧಿಕಾರಿ ಐದನ್ನು ಎತ್ತಬೇಕು. ಎತ್ತಿದ್ದನ್ನು ಮರಳಿ ಹಾಕುವಂತಿಲ್ಲ. ನಮ್ಮ ಮೊಟ್ಟೆಯ ಲೆಕ್ಕವೇ ಇದು, ಬುಟ್ಟಿ ಮಾತ್ರ ದೊಡ್ಡದು.

ಚೆನ್ನಾಗಿ ಅಲುಗಾಡಿಸಬೇಕು ಎಂಬುದು ಸುಮ್ಮನೆ ಬರೆದ ನಿಯಮವಲ್ಲ. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ, ವಿಯೆಟ್ನಾಂ ಯುದ್ಧಕ್ಕೆ ಯಾವ ಯುವಕರನ್ನು ಮೊದಲು ಕರೆಯಬೇಕೆಂದು ತೀರ್ಮಾನಿಸಲು ಚೀಟಿ ಎತ್ತಿದರು. ವರ್ಷದ 366 ಹುಟ್ಟುದಿನಗಳನ್ನು ಬರೆದ 366 ಚಿಕ್ಕ ಗುಳಿಗೆಗಳು. ಜನವರಿಯಿಂದ ಶುರುಮಾಡಿ ತಿಂಗಳ ಕ್ರಮದಲ್ಲೇ ಅವುಗಳನ್ನು ತುಂಬಿದ್ದರು, ಆದರೆ ಸಾಕಷ್ಟು ಕಲಸಿರಲಿಲ್ಲ. ಪರಿಣಾಮವಾಗಿ ಡಿಸೆಂಬರ್‌ನಲ್ಲಿ ಹುಟ್ಟಿದವರ ದಿನಾಂಕಗಳು ಬೇಗ ಬೇಗ ಮೇಲೆ ಬಂದವು. ಡಬ್ಬಿಯನ್ನು ಇನ್ನಷ್ಟು ಕಲಸಿದ್ದರೆ ಯುದ್ಧಕ್ಕೆ ಮೊದಲು ಹೋಗುವವರ ಪಟ್ಟಿಯೇ ಬೇರೆ ಇರುತ್ತಿತ್ತು. ಮುಂದಿನ ವರ್ಷ ಎತ್ತುವ ಪದ್ಧತಿಯನ್ನು ಬದಲಿಸಿದರು.

ನಮ್ಮ ಡಬ್ಬಿಯನ್ನು ಚೆನ್ನಾಗಿಯೇ ಕಲಸಿದ್ದಾರೆ ಎನ್ನೋಣ. ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಕ್ಷೇತ್ರದಲ್ಲಿ 250 ಮತಗಟ್ಟೆಗಳಿವೆ ಎಂದು ಹಿಡಿಯೋಣ. ನಿಮ್ಮ ತರಗತಿಯ ಕೋಣೆಯ ಚೀಟಿ ಆ ಐದರಲ್ಲಿ ಬರುವ ಸಂಭವ ಎಷ್ಟು?

ಮೊದಲ ಸಲವೇ ಬರುವುದು 1/250. ಮೊದಲು ಬರದೆ ಎರಡನೆಯ ಸಲ ಬರುವುದು 249/250 × 1/249. ಇಲ್ಲಿ 249 ಹೊಡೆದುಹೋಗಿ ಮತ್ತೆ 1/250 ಉಳಿಯುತ್ತದೆ. ಮೂರನೆಯ ಸಲಕ್ಕೂ ಅಷ್ಟೇ, ಐದನೆಯ ಸಲಕ್ಕೂ ಅಷ್ಟೇ. ಬೇಕಾದರೆ ಪಾಟಿಯ ಮೇಲೆ ಮಾಡಿ ನೋಡಿ. ‘ಮೊದಲು ಎತ್ತಿದವನಿಗೆ ಲಾಭ, ಕೊನೆಗೆ ಎತ್ತಿದವನಿಗೆ ನಷ್ಟ’ ಎಂದು ಆಟದಲ್ಲಿ ಜಗಳವಾಡುತ್ತೀರಲ್ಲ, ಆ ಜಗಳಕ್ಕೆ ಆಧಾರವಿಲ್ಲ. ಐದೂ ಸೇರಿ 5/250, ಅಂದರೆ 1/50. ಐವತ್ತು ಚುನಾವಣೆ ನಡೆದರೆ ನಿಮ್ಮ ಕೋಣೆಯ ಸರದಿ ಸರಾಸರಿ ಒಂದು ಸಲ ಬರುತ್ತದೆ.

ಈಗ ಮುಖ್ಯ ಪ್ರಶ್ನೆ. ಯಂತ್ರಗಳಲ್ಲಿ ತಪ್ಪಿದೆ ಎಂದು ನಾನು ಹೇಳುತ್ತಿಲ್ಲ. ಮತದಾನ ಶುರುವಾಗುವ ಮುಂಚೆ ಏಜೆಂಟರ ಎದುರಿಗೆ ಕನಿಷ್ಠ 50 ಅಣಕು ಮತ ಹಾಕಿ ನೋಡುವ ಪದ್ಧತಿಯೂ ಇದೆ. ನಾವು ಕೇಳುತ್ತಿರುವುದು ಇಷ್ಟೇ: ಒಂದು ವೇಳೆ ತಪ್ಪಿದ್ದರೆ, ಐದು ಚೀಟಿಗೆ ಅದು ಸಿಕ್ಕಿಬೀಳುವ ಸಂಭವ ಎಷ್ಟು?

250ರಲ್ಲಿ ಅರ್ಧದಷ್ಟು, ಅಂದರೆ 125 ಕಡೆ ತಪ್ಪಿದೆ ಎಂದುಕೊಳ್ಳಿ. ಐದೂ ಚೀಟಿ ಸರಿಯಾದ ಮತಗಟ್ಟೆಗಳದ್ದೇ ಬರುವ ಸಂಭವ 125/250 × 124/249 × 123/248 × 122/247 × 121/246. ಇದು ನೂರಕ್ಕೆ 3. ಅಂದರೆ ನೂರರಲ್ಲಿ 97 ಸಲ ತಪ್ಪು ಸಿಕ್ಕಿಬೀಳುತ್ತದೆ. ಐದೇ ಚೀಟಿಗೆ ಇಷ್ಟು ಶಕ್ತಿ ಇದೆಯೇ ಎಂದು ನನಗೂ ಮೊದಲು ಅಚ್ಚರಿಯಾಗಿತ್ತು.

ಹತ್ತರಲ್ಲೊಂದು, ಅಂದರೆ 25 ಕಡೆ ಮಾತ್ರ ತಪ್ಪಿದ್ದರೆ? 225/250 × 224/249 × 223/248 × 222/247 × 221/246. ಉತ್ತರ ನೂರಕ್ಕೆ ಸುಮಾರು 59. ಐವತ್ತೊಂಬತ್ತು ಸಲ ತಪ್ಪು ನಮ್ಮ ಕಣ್ಣು ತಪ್ಪಿಸಿಕೊಂಡು ಹೋಗುತ್ತದೆ, ನಲವತ್ತೊಂದು ಸಲ ಸಿಗುತ್ತದೆ. ಒಂದೇ ಚೀಟಿ ಎತ್ತುತ್ತಿದ್ದಾಗ ನೂರಕ್ಕೆ ಹತ್ತು ಸಲ ಮಾತ್ರ ಸಿಗುತ್ತಿತ್ತು ಎಂಬುದನ್ನು ನೆನೆದರೆ ಇದು ಎಷ್ಟೋ ವಾಸಿ. ಆದರೂ ಸಾಕು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ನೂರಕ್ಕೆ 95 ಸಲ ಹಿಡಿಯಬೇಕೆಂದರೆ ಸುಮಾರು 27 ಚೀಟಿಗಳನ್ನು ಎತ್ತಬೇಕು.

‘ಹಾಗಿದ್ದರೆ ಐದೇ ಸಾಕು ಎಂದವರು ಲೆಕ್ಕ ತಪ್ಪಿದರೇ?’ ಎಂದು ನೀವು ಕೇಳಬಹುದು. ತಪ್ಪಿಲ್ಲ. ಅವರು ಬೇರೆ ಪ್ರಶ್ನೆಗೆ ಉತ್ತರ ಕೊಟ್ಟರು. ಚುನಾವಣಾ ಆಯೋಗಕ್ಕೆ ಲೆಕ್ಕ ಮಾಡಿಕೊಟ್ಟದ್ದು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ. ಪಿ. ಸಿ. ಮಹಾಲನೋಬಿಸ್ ಅವರು ಕೋಲ್ಕತ್ತದಲ್ಲಿ 1931ರಲ್ಲಿ ಕಟ್ಟಿದ ಸಂಸ್ಥೆ ಅದು. ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. ಇಡೀ ದೇಶದ ಹತ್ತು ಲಕ್ಷಕ್ಕೂ ಹೆಚ್ಚು ಯಂತ್ರಗಳಲ್ಲಿ ನೂರಕ್ಕೆ ಎರಡರಷ್ಟು ತಪ್ಪಿದ್ದರೂ, ಕೇವಲ 479 ಯಂತ್ರಗಳನ್ನು ಚೀಟಿ ಎತ್ತಿ ನೋಡಿದರೆ ಒಂದಾದರೂ ತಪ್ಪು ಸಿಗುವ ಸಂಭವ ನೂರಕ್ಕೆ 99.99 ಎಂದು ಅದರ ಲೆಕ್ಕ. ನೀವೂ ಪರೀಕ್ಷಿಸಬಹುದು: 98/100 ಅನ್ನು 479 ಸಲ ಗುಣಿಸುತ್ತ ಹೋಗಿ. (ಕ್ಯಾಲ್ಕುಲೇಟರ್ ಇದ್ದರೆ ಒಳ್ಳೆಯದು.) ಹತ್ತು ಲಕ್ಷದ ಬುಟ್ಟಿಯಲ್ಲಿ ಕೆಲವು ನೂರನ್ನು ತೆಗೆದಾಗ ಮರಳಿ ಹಾಕಿದರೂ ಹಾಕದಿದ್ದರೂ ಹೆಚ್ಚು ವ್ಯತ್ಯಾಸ ಬಾರದು. ಪ್ರತಿ ಕ್ಷೇತ್ರಕ್ಕೆ ಐದರಂತೆ ದೇಶದಲ್ಲಿ ನೋಡಬೇಕಾಗಿದ್ದು 20,625 ಯಂತ್ರಗಳು. 479ಕ್ಕೆ ಹೋಲಿಸಿದರೆ ಇದು ಬಹಳ ದೊಡ್ಡ ಸಂಖ್ಯೆ.

ಇಡೀ ದೇಶದಲ್ಲಿ ಹರಡಿಕೊಂಡ ತಪ್ಪೇನಾದರೂ ಇದೆಯೇ ಎಂಬ ಪ್ರಶ್ನೆಗೆ ಐದು ಸಾಕು, ಸಾಕಾಗಿ ಉಳಿಯುತ್ತದೆ. ನಮ್ಮ ಬಾಗಲಕೋಟೆ ಲೋಕಸಭಾ ಕ್ಷೇತ್ರವನ್ನೇ ನೋಡಿ. ಅದರಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ: ಮುಧೋಳ, ತೇರದಾಳ, ಜಮಖಂಡಿ, ಬೀಳಗಿ, ಬಾದಾಮಿ, ಬಾಗಲಕೋಟೆ, ಹುನಗುಂದ, ಮತ್ತು ಗದಗ ಜಿಲ್ಲೆಯ ನರಗುಂದ. ಒಂದೊಂದಕ್ಕೂ ಬೇರೆ ಡಬ್ಬಿ, ಐದೈದು ಚೀಟಿ, ಒಟ್ಟು 40. ಎಂಟೂ ಕಡೆ ಹತ್ತರಲ್ಲೊಂದು ಯಂತ್ರ ತಪ್ಪಿದ್ದರೆ, ಎಂಟು ಡಬ್ಬಿಗಳಿಂದಲೂ ಅದು ತಪ್ಪಿಸಿಕೊಳ್ಳಬೇಕು. 59/100 ಅನ್ನು ಎಂಟು ಸಲ ಗುಣಿಸಿದರೆ ನೂರಕ್ಕೆ ಸುಮಾರು ಒಂದೂವರೆ ಮಾತ್ರ. ಒಂದು ಕ್ಷೇತ್ರದಲ್ಲಿ ಬಡಕಲಾಗಿ ಕಂಡ ಐದು, ಎಂಟು ಕ್ಷೇತ್ರ ಸೇರಿದಾಗ ಗಟ್ಟಿಯಾಯಿತು.

ಆದರೆ ಶಾಸಕರನ್ನು ಆರಿಸುವಾಗ ಜನ ಕೇಳುವುದು ದೇಶದ ಪ್ರಶ್ನೆಯನ್ನಲ್ಲ. ‘ನಮ್ಮ ಕ್ಷೇತ್ರದಲ್ಲಿ ಗೆದ್ದವರು ನಿಜವಾಗಿ ಗೆದ್ದರೇ?’ ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಗೆಲುವಿನ ಅಂತರವನ್ನು ಅವಲಂಬಿಸಿದೆ. ನನ್ನ ಮಾತೆಲ್ಲ ಇರುವುದು ಇಲ್ಲೇ.

ಗೆದ್ದವರು ಐವತ್ತು ಸಾವಿರ ಮತಗಳಿಂದ ಗೆದ್ದರೆನ್ನಿ. ಆ ಫಲಿತಾಂಶ ತಿರುಗಬೇಕಾದರೆ ಎಷ್ಟೋ ಮತಗಟ್ಟೆಗಳಲ್ಲಿ ತಪ್ಪಾಗಿರಬೇಕು. ಅಷ್ಟು ದೊಡ್ಡ ತಪ್ಪನ್ನು ಹಿಡಿಯಲು ಐದು ಚೀಟಿ ಬಹುಮಟ್ಟಿಗೆ ಸಾಕಾಗುತ್ತದೆ. ಆದರೆ 2018ರಲ್ಲಿ ನಮ್ಮ ಜಿಲ್ಲೆಯ ಬಾದಾಮಿಯಲ್ಲಿ ಗೆಲುವಿನ ಅಂತರ 1,696 ಮತ. ಅಲ್ಲಿ ಯಂತ್ರ ತಪ್ಪಿತ್ತು ಎಂದಲ್ಲ, ಅಂತರ ಎಷ್ಟು ಕಿರಿದಾಗಬಹುದು ಎಂದು ತೋರಿಸಲು ಹೇಳಿದೆ. ಇಂಥ ಕಡೆ 849 ಮತಗಳು ಒಬ್ಬರ ಲೆಕ್ಕದಿಂದ ಇನ್ನೊಬ್ಬರ ಲೆಕ್ಕಕ್ಕೆ ಹೋದರೆ ಫಲಿತಾಂಶವೇ ತಿರುಗುತ್ತದೆ. ಅಷ್ಟು ಮತಗಳು ಎರಡು ಮೂರು ಮತಗಟ್ಟೆಗಳಲ್ಲೇ ಇರುತ್ತವೆ.

ಮೂರು ಕಡೆ ತಪ್ಪಿದ್ದರೆ ಐದು ಚೀಟಿಗೆ ಸಿಗುವ ಸಂಭವ ಎಷ್ಟು? ಈ ಲೆಕ್ಕವನ್ನು ತಿರುವುಮುರುವಾಗಿ ಮಾಡಿದರೆ ಬೇಗ ಮುಗಿಯುತ್ತದೆ. ಎತ್ತಿದ ಐದರ ಬದಲು ಆ ಮೂರು ತಪ್ಪು ಚೀಟಿಗಳನ್ನೇ ನೋಡಿ. ಮೂರೂ ಡಬ್ಬಿಯಲ್ಲಿ ಉಳಿದ 245ರ ನಡುವೆ ಅಡಗಿಕೊಳ್ಳಬೇಕು. ಅದರ ಸಂಭವ 245/250 × 244/249 × 243/248, ನೂರಕ್ಕೆ 94. ಸಿಕ್ಕಿಬೀಳುವುದು ನೂರರಲ್ಲಿ ಆರೇ ಸಲ.

2004ರಲ್ಲಿ ಚಾಮರಾಜನಗರ ಜಿಲ್ಲೆಯ ಆಗಿನ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಒಬ್ಬರು ಗೆದ್ದದ್ದು ಒಂದೇ ಒಂದು ಮತದಿಂದ. ಅಂಥ ಕಡೆ ಒಂದೇ ಯಂತ್ರ ಸಾಕು. ಒಂದೇ ತಪ್ಪು ಚೀಟಿಯನ್ನು ಹುಡುಕಲು 250ರಲ್ಲಿ 125 ಎತ್ತಿದರೂ ಸಂಭವ ಅರ್ಧಕ್ಕರ್ಧ. ಅಲ್ಲಿ ಚೀಟಿ ಎತ್ತುವುದೇ ಬೇಡ, ಎಲ್ಲವನ್ನೂ ಎಣಿಸಬೇಕು.

ಆದ್ದರಿಂದ ಎಲ್ಲ ಕ್ಷೇತ್ರಕ್ಕೂ ಒಂದೇ ಐದು ಎಂಬುದು ನನಗೆ ಸರಿ ಕಾಣುವುದಿಲ್ಲ. ಎಲ್ಲ ಕಡೆ ಎಲ್ಲವನ್ನೂ ಎಣಿಸಿ ಎಂಬುದೂ ಸರಿ ಕಾಣುವುದಿಲ್ಲ. ಐವತ್ತು ಸಾವಿರದ ಅಂತರವಿರುವ ಕಡೆ ದಿನಗಟ್ಟಲೆ ಚೀಟಿ ಎಣಿಸುವುದು ಸುಮ್ಮನೆ ಶ್ರಮ. ಅಂತರ ದೊಡ್ಡದಿದ್ದರೆ ಐದು, ಕಿರಿದಾದಂತೆ ಇಪ್ಪತ್ತೋ ಐವತ್ತೋ, ಬಹಳ ಕಿರಿದಾದರೆ ಎಲ್ಲವೂ ಎಂದು ಮೊದಲೇ ಒಂದು ಪಟ್ಟಿ ಮಾಡಿಡಬೇಕು. ಎಣಿಕೆ ಮುಗಿದ ಮೇಲೆ, ಯಾರು ಗೆದ್ದರು ಎಂದು ನೋಡಿಕೊಂಡು ಸಂಖ್ಯೆ ತೀರ್ಮಾನಿಸಬಾರದು. ಹಾಗೆ ಮಾಡಿದರೆ ಸೋತವರು ಹೆಚ್ಚು ಬೇಕು ಎನ್ನುತ್ತಾರೆ, ಗೆದ್ದವರು ಸಾಕು ಎನ್ನುತ್ತಾರೆ.

ಇದಕ್ಕೆ ಎದುರು ಮಾತೂ ಇದೆ, ಅದನ್ನು ಬಚ್ಚಿಡಬಾರದು. ಐದು ಎಂಬುದು ಎಲ್ಲರಿಗೂ ಅರ್ಥವಾಗುವ ಸಂಖ್ಯೆ. ಒಂದು ಕ್ಷೇತ್ರಕ್ಕೆ ಐದು, ಇನ್ನೊಂದಕ್ಕೆ ಐವತ್ತು ಎಂದರೆ ‘ನಮ್ಮಲ್ಲೇ ಏಕೆ ಹೆಚ್ಚು ಅನುಮಾನ?’ ಎಂದು ಜನ ಕೇಳಬಹುದು. ಸರಳವಾದ ನಿಯಮಕ್ಕೆ ಅದರದೇ ಬೆಲೆ ಇದೆ. ಆದರೆ ಮೇಲಿನ ಗುಣಾಕಾರ ನಿಮಗೆ ಅರ್ಥವಾಯಿತೆಂದರೆ ನಿಮ್ಮ ಅಪ್ಪ ಅವ್ವನಿಗೂ ಅದನ್ನು ಬಿಡಿಸಿ ಹೇಳಲು ಸಾಧ್ಯವೆಂದೇ ನನ್ನ ನಂಬಿಕೆ.

2024ರ ತೀರ್ಪಿನಲ್ಲಿ ಇನ್ನೊಂದು ದಾರಿಯನ್ನೂ ತೆರೆದರು. ಎರಡನೆಯ ಅಥವಾ ಮೂರನೆಯ ಸ್ಥಾನ ಬಂದ ಅಭ್ಯರ್ಥಿ ಏಳು ದಿನಗಳೊಳಗೆ ಬರೆದುಕೊಟ್ಟರೆ, ಕ್ಷೇತ್ರದ ನೂರಕ್ಕೆ ಐದರಷ್ಟು ಯಂತ್ರಗಳನ್ನು ತಜ್ಞರು ತಪಾಸಣೆ ಮಾಡಬೇಕು. ಯಾವ ಯಂತ್ರಗಳು ಎಂಬುದನ್ನು ಅಭ್ಯರ್ಥಿಯೇ ಸೂಚಿಸಬಹುದು. ಇದು ಚೀಟಿ ಎತ್ತಿದಂತಲ್ಲ, ಅನುಮಾನ ಬಂದ ಮೊಟ್ಟೆಯನ್ನು ಬೆರಳು ಮಾಡಿ ತೋರಿಸಿದಂತೆ. ಅನುಮಾನ ಸರಿಯಾಗಿದ್ದರೆ ತಪ್ಪು ಬೇಗ ಸಿಗುತ್ತದೆ, ಅನುಮಾನವೇ ತಪ್ಪಾಗಿದ್ದರೆ ನಮ್ಮ ಭಿನ್ನರಾಶಿಗಳು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ನಾನು ಹೇಳಿದ್ದನ್ನು ಹಾಗೆಯೇ ನಂಬಬೇಡಿ. 50 ಹುಣಸೆ ಬೀಜ ತನ್ನಿ. ಐದಕ್ಕೆ ಸುಣ್ಣದ ಚಿಕ್ಕ ಚುಕ್ಕೆ ಇಟ್ಟು ಒಣಗಿಸಿ. ಮುಟ್ಟಿದರೆ ಗೊತ್ತಾಗುವಷ್ಟು ದಪ್ಪ ಇಡಬೇಡಿ. ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಚೆನ್ನಾಗಿ ಕಲಸಿ. ಕಣ್ಣು ಮುಚ್ಚಿ ಒಂದೊಂದಾಗಿ ಐದು ತೆಗೆಯಿರಿ, ನಡುವೆ ಮರಳಿ ಹಾಕಬೇಡಿ. ಚುಕ್ಕೆಯ ಬೀಜ ಒಂದಾದರೂ ಬಂತೇ ಇಲ್ಲವೇ ಬರೆದುಕೊಳ್ಳಿ. ಮತ್ತೆ ಐವತ್ತನ್ನೂ ಸೇರಿಸಿ ಕಲಸಿ, ಹೀಗೆ 40 ಸಲ ಮಾಡಿ. 45/50 × 44/49 × 43/48 × 42/47 × 41/46 ಎಂಬ ಲೆಕ್ಕದ ಪ್ರಕಾರ 23ರ ಆಸುಪಾಸಿನಲ್ಲಿ ಚುಕ್ಕೆಯ ಬೀಜ ಒಂದೂ ಸಿಗಬಾರದು. ಸರಿಯಾಗಿ 23 ಬರಲಿಲ್ಲವೆಂದು ಬೇಸರ ಬೇಡ. 19 ಬರಬಹುದು, 27 ಬರಬಹುದು. ಆಮೇಲೆ ಚುಕ್ಕೆಯ ಬೀಜಗಳನ್ನು ಐದರಿಂದ ಒಂದಕ್ಕೆ ಇಳಿಸಿ ಇನ್ನೂ 40 ಸಲ ಮಾಡಿ ನೋಡಿ. ಎಷ್ಟು ಸಲ ಸಿಕ್ಕಿತು, ಎಷ್ಟು ಸಲ ತಪ್ಪಿಸಿಕೊಂಡಿತು ಎಂಬುದನ್ನು ಶಾಲೆಯ ಗೋಡೆಪತ್ರಿಕೆಯಲ್ಲಿ ಬರೆದು ಹಚ್ಚಿ. ಮುಂದಿನ ಸಲ ನಿಮ್ಮ ಕೋಣೆಗೆ ಮತ ಹಾಕಲು ಬಂದವರು ಓದಲಿ.